ಸರ್ ರೊನಾಲ್ಡ್ ರಾಸ್

ಮಲೇರಿಯಾ ಹರಡುವ ಬಗೆಯನ್ನು ಲೋಕಕ್ಕೆ ತಿಳಿಸಿದ ರೊನಾಲ್ಡ್ ರಾಸ್ 1857ರಲ್ಲಿ ಹಿಮಾಲಯದ ಮಡಿಲಿನ ಆಲ್ಮೋರದಲ್ಲಿ ಜನಿಸಿದರು. ತಂದೆಯ ಇಚ್ಛೆಯಂತೆ ವೈದ್ಯರಾದರೂ ಅವರಿಗೆ ಗಣಿತದಲ್ಲಿಯೂ ಕಾವ್ಯದಲ್ಲಿಯೂ ಅಪಾರ ಒಲವಿತ್ತು.

1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಸೇನಾವೈದ್ಯರಾಗಿದ್ದಾಗ, ಬಂಗಲೆಯ ಬಳಿಯಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆಯ ಮರಿಗಳು ತುಂಬಿರುವುದನ್ನು ಕಂಡರು. ಆ ನೀರನ್ನು ಚೆಲ್ಲಿಸಿದಾಗ ಸೊಳ್ಳೆಗಳ ಕಾಟ ತಗ್ಗಿತು. ಈ ಸಣ್ಣ ಅನುಭವವೇ ಮುಂದೆ ದೊಡ್ಡ ವಿಚಾರಕ್ಕೆ ಬೀಜವಾಯಿತು.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ರೋಗಿಯ ರಕ್ತವನ್ನು ಹೀರಿದ್ದ ಸೊಳ್ಳೆಯ ಜಠರದಲ್ಲಿ ಮಲೇರಿಯಾದ ರೋಗಾಣುಗಳನ್ನು ಅವರು ಗುರುತಿಸಿದರು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮೇಲೆ ಪ್ರಯೋಗ ನಡೆಸಿ, ಸೊಳ್ಳೆಯ ಕಡಿತದಿಂದಲೇ ರೋಗ ಹರಡುವುದೆಂಬುದನ್ನು ಸ್ಥಿರಪಡಿಸಿದರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಆದರೆ ನಿಂತ ನೀರನ್ನು ಹರಿಯಗೊಟ್ಟು ರೋಗವನ್ನು ತಡೆಯಬಹುದೆಂಬ ಅವರ ಮಾತನ್ನು ಹಲವರು ನಂಬಲಿಲ್ಲ. ಸೊಳ್ಳೆಗಳೆಲ್ಲವನ್ನೂ ಅಳಿಸುವುದು ಅಸಾಧ್ಯವೆಂದು ಅವರು ವಾದಿಸಿದರು. ಆಗ ರಾಸ್ ಗಣಿತದ ನೆರವು ಪಡೆದರು. ಸೊಳ್ಳೆಗಳ ಸಂಖ್ಯೆಯನ್ನು ಒಂದು ಮಿತಿಗಿಂತ ಕೆಳಗಿಳಿಸಿದರೆ ರೋಗವು ತಾನಾಗಿ ಅಡಗುವುದೆಂದು ಲೆಕ್ಕಾಚಾರದಿಂದ ತೋರಿಸಿದರು. 1910ರಲ್ಲಿ ಮಲೇರಿಯಾ ತಡೆಯನ್ನು ಕುರಿತ ಗ್ರಂಥವನ್ನು ಹೊರತಂದರು.

ರಾಸ್ 1932ರಲ್ಲಿ ನಿಧನ ಹೊಂದಿದರು. ರೋಗಿಗೆ ಮದ್ದು ಕೊಡುವುದರಷ್ಟೇ ಊರಿನ ಚರಂಡಿ ಹೊಂಡಗಳನ್ನು ಶುಚಿಯಾಗಿಡುವುದೂ ಮುಖ್ಯವೆಂಬುದನ್ನು ಅವರ ಜೀವನ ನಮಗೆ ತಿಳಿಸುತ್ತದೆ.