ಹಿಂದಿನ ಸಾಲಿನವರ ಪಿಟೀಲು

ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ಹಾದು ಬರುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಎರಡು ನದಿಗಳ ನಡುವಣ ನೆಲದಲ್ಲಿ ಅಗಸ್ತ್ಯೇಶ್ವರನ ಗುಡಿಯಿದೆ. ಕಪಿಲೆಯ ಆಚೆಯ ದಡದಲ್ಲಿ ನರಸೀಪುರದ ಗುಂಜಾ ನರಸಿಂಹನಿದ್ದಾನೆ. ಈ ಸಂಗಮದ ಊರಿನಲ್ಲಿ, 1895ರಲ್ಲಿ, ಅಗಸ್ತ್ಯೇಗೌಡ ಮತ್ತು ಸುಂದರಮ್ಮ ದಂಪತಿಗಳ ಮಗನಾಗಿ ಹುಟ್ಟಿದ ಚೌಡಯ್ಯನವರು ಮುಂದೆ ದಕ್ಷಿಣ ದೇಶದ ಸಂಗೀತ ಸಭೆಗಳಲ್ಲೆಲ್ಲ ಮೈಸೂರಿನ ಹೆಸರನ್ನು ಮೊಳಗಿಸಿದರು. ತಾವು ರಚಿಸಿದ ಕೃತಿಗಳಿಗೆ ತ್ರಿಮಕುಟ ಎಂಬ ಅಂಕಿತವನ್ನಿಟ್ಟು ಹುಟ್ಟೂರಿನ ಋಣವನ್ನು ನೆನೆದರು.

ಬಾಲಕ ಚೌಡಯ್ಯನ ಭಾಗ್ಯದ ಬಾಗಿಲು ತೆರೆದದ್ದು ಮೈಸೂರಿನಲ್ಲಿ. 1910ರಲ್ಲಿ ಅವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಹಾಡುಗಾರಿಕೆಯಲ್ಲಿ ಎಷ್ಟು ದೊಡ್ಡವರೋ ಶಿಸ್ತಿನಲ್ಲಿಯೂ ಅಷ್ಟೇ ಕಠಿಣರು. ಸುಮಾರು ಎಂಟು ವರ್ಷಗಳ ಗುರುಕುಲವಾಸದಲ್ಲಿ ಶಿಷ್ಯನ ಬೆರಳು ಪಳಗಿತು, ಕಿವಿ ತೀಡಿಕೊಂಡಿತು. ಬಳಿಕ ಗುರುವಿನ ಪಕ್ಕದಲ್ಲಿಯೇ ಕುಳಿತು ಪಕ್ಕವಾದ್ಯ ನುಡಿಸುವ ಯೋಗ್ಯತೆ ಬಂದಿತು.

ಆ ಕಾಲದ ಕಚೇರಿಗಳನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳಬೇಕು. ಧ್ವನಿವರ್ಧಕವಿಲ್ಲ. ಗಾಯಕನು ತನ್ನ ಕಂಠಬಲದಿಂದಲೇ ಸಭೆಯನ್ನು ತುಂಬಬೇಕು. ಕೃಷ್ಣಪ್ಪನವರಂಥವರ ಸಿಂಹಕಂಠದ ಮುಂದೆ ಪಿಟೀಲಿನ ನಾಲ್ಕು ತಂತಿಗಳ ಇನಿದನಿ ಮುಂದಿನ ಕೆಲವು ಸಾಲುಗಳನ್ನು ದಾಟಿ ಹೋಗುತ್ತಿರಲಿಲ್ಲ. ಹಿಂದೆ ಕುಳಿತವನಿಗೆ ಕಮಾನು ಆಡುವುದು ಕಾಣುತ್ತಿತ್ತು, ನಾದ ಕೇಳುತ್ತಿರಲಿಲ್ಲ. ಕಿವಿ ಮಂದವಾದ ಮುದುಕನ ಪಾಡಂತೂ ಹೇಳಬೇಕಾದುದಿಲ್ಲ.

ಇದು ವಿಧಿಯೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಕೇಳದವನು ಮುಂದೆ ಬಂದು ಕೂರಲಿ, ಇಲ್ಲವೇ ಸುಮ್ಮನಿರಲಿ ಎಂಬುದು ಲೋಕದ ರೂಢಿ. ಚೌಡಯ್ಯನವರು ಹಾಗೆ ಭಾವಿಸಲಿಲ್ಲ. ಕೊರತೆ ಕೇಳುವವನ ಕಿವಿಯಲ್ಲಿಲ್ಲ, ತಮ್ಮ ವಾದ್ಯದಲ್ಲಿದೆ ಎಂದು ಬಗೆದರು. 1927ರ ಸುಮಾರಿಗೆ ನಾಲ್ಕು ತಂತಿಗಳಿಗೆ ಮೂರು ಜೊತೆತಂತಿಗಳನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ಸಿದ್ಧಗೊಳಿಸಿದರು. ಒಂದೇ ಬೆರಳು ಒಮ್ಮೆಗೆ ಎರಡು ತಂತಿಗಳನ್ನು ಅಮುಕಬೇಕು. ಕಮಾನು ಎರಡನ್ನೂ ಸಮವಾಗಿ ಮೀಟಬೇಕು. ಎರಡರ ಶ್ರುತಿಯೂ ಕೂದಲೆಳೆಯಷ್ಟೂ ಬೇರೆಯಾಗಬಾರದು. ಕೇಳುವವನ ಶ್ರಮವನ್ನು ಕಳೆಯುವುದಕ್ಕಾಗಿ ನುಡಿಸುವವನು ತನ್ನ ಶ್ರಮವನ್ನು ಇಮ್ಮಡಿಗೊಳಿಸಿಕೊಂಡನು.

ಇಷ್ಟಾದರೂ ಹೊಸ ವಾದ್ಯಕ್ಕೆ ಮೊದಲು ದೊರೆತದ್ದು ಮನ್ನಣೆಯಲ್ಲ. ಗುರುಗಳೇ ಆರಂಭದಲ್ಲಿ ಅದನ್ನು ಮೆಚ್ಚಲಿಲ್ಲವೆಂದೂ, ಅದರ ನಾದವನ್ನು ಕೇಳಿದ ಮೇಲೆ ಒಪ್ಪಿದರೆಂದೂ ಸಂಗೀತಗಾರರ ನಡುವೆ ಪ್ರತೀತಿಯಿದೆ. ಸಂಪ್ರದಾಯಕ್ಕೆ ಧಕ್ಕೆಯೆಂದು ಮೂಗು ಮುರಿದವರೂ ಇದ್ದರು. ಆದರೆ ಚೆಂಬೈ ವೈದ್ಯನಾಥ ಭಾಗವತರ ತುಂಬುಕಂಠಕ್ಕೆ ಆ ಪಿಟೀಲು ಸರಿಜೋಡಿಯಾಗಿ ನಿಂತಾಗ ಸಭೆಯೇ ತೀರ್ಪು ಕೊಟ್ಟಿತು. ಮೈಸೂರು ಆಸ್ಥಾನ ಅವರನ್ನು ಮನ್ನಿಸಿತು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಪ್ರಶಸ್ತಿ ಅವರದಾಯಿತು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ಸ್ಥಾಪಿಸಿ ತಾವು ಪಡೆದುದನ್ನು ಮುಂದಿನವರಿಗೆ ಕೊಟ್ಟರು. 1967ರ ಜನವರಿಯಲ್ಲಿ ಅವರ ಕಮಾನು ನಿಂತಿತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿ 1980ರಲ್ಲಿ ತೆರೆದ ಸಭಾಭವನ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ.

ಧ್ವನಿವರ್ಧಕ ಬಂದ ಮೇಲೆ ಏಳು ತಂತಿಯ ಅಗತ್ಯ ಕುಗ್ಗಿತು. ಶಿಷ್ಯರಾದ ಆರ್. ಆರ್. ಕೇಶವಮೂರ್ತಿಯವರು ಅದನ್ನು ನುಡಿಸಿ ಉಳಿಸಿದರಾದರೂ ವಾದ್ಯ ವಿರಳವಾಯಿತು. ಇದಕ್ಕಾಗಿ ವ್ಯಥೆಪಡಬೇಕಾಗಿಲ್ಲ, ಉಪಕರಣಗಳು ಬರುತ್ತವೆ, ಹೋಗುತ್ತವೆ. ಉಳಿಯಬೇಕಾದುದು ಅದರ ಹಿಂದಿನ ಬುದ್ಧಿ. ಅದು ಉಳಿದಿದೆಯೆ?

ಇಂದಿನ ಸಭಾಂಗಣಗಳನ್ನು ನೋಡೋಣ. ಧ್ವನಿವರ್ಧಕ ಸದ್ದನ್ನು ಹೆಚ್ಚಿಸಬಲ್ಲುದು. ಮಾತಿನ ಜೊತೆಗೆ ಗದ್ದಲವನ್ನೂ ಹೆಚ್ಚಿಸುತ್ತದೆ. ಶ್ರವಣಯಂತ್ರ ಧರಿಸಿದವನಿಗೆ ವೇದಿಕೆಯ ದನಿಯನ್ನು ನೇರವಾಗಿ ಮುಟ್ಟಿಸುವ ತಂತಿಸುರುಳಿಯ ಏರ್ಪಾಡು ಲೋಕದಲ್ಲಿ ಬಹುಕಾಲದಿಂದ ಇದೆ. ನಮ್ಮಲ್ಲಿ ಅದನ್ನು ಕೇಳಿ ತಿಳಿದವರೂ ಕಡಿಮೆ. ಕಿವುಡರಿಗೆ ಸಂಜ್ಞಾಭಾಷೆಯವರಿಲ್ಲದ ವೇದಿಕೆ, ಗಾಲಿಕುರ್ಚಿಗೆ ಇಳಿಜಾರಿಲ್ಲದ ಬಾಗಿಲು, ಕುರುಡರಿಗೆ ಬೆರಳಿಗೆ ಸಿಗುವ ಸೂಚನೆಯಿಲ್ಲದ ಕಚೇರಿ, ಇವೆಲ್ಲವೂ ಹಿಂದಿನ ಸಾಲುಗಳೇ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಸಾರ್ವಜನಿಕ ಕಟ್ಟಡಗಳೆಲ್ಲ ಎಲ್ಲರಿಗೂ ಎಟುಕುವಂತಿರಬೇಕೆಂದು ವಿಧಿಸಿತು; ಹಳೆಯ ಕಟ್ಟಡಗಳನ್ನು ತಿದ್ದುವುದಕ್ಕೆ 5 ವರ್ಷಗಳ ಗಡುವನ್ನೂ ಇತ್ತಿತು. ಆ ಗಡುವು 2022ರಲ್ಲಿ ಕಳೆಯಿತು. ಇಂಥ ಏರ್ಪಾಡು ಬರಿಯ ಸಲಹೆಯಲ್ಲ, ಕಡ್ಡಾಯವಾಗಬೇಕು ಎಂದು 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಸರ್ಕಾರಕ್ಕೆ ಮತ್ತೆ ಹೇಳಬೇಕಾಯಿತು.

ನಂಜುಂಡನನ್ನು ವೈದ್ಯನೆಂದು ನಂಬಿ ಕಣ್ಣು ಕಾಣದವರೂ ಕಾಲು ಬಾರದವರೂ ನಂಜನಗೂಡಿಗೆ ಬರುತ್ತಾರೆ. ತನ್ನ ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನನೂ ಆ ದೇವರನ್ನು ಹಕೀಮನೆಂದು ಕರೆದನೆಂಬ ಕಥೆಯುಂಟು. ಅಲ್ಲಿಗೆ ಬಂದವರು ನದಿಗಿಳಿಯಬೇಕಾದರೆ ಮೆಟ್ಟಿಲುಗಳನ್ನೇ ಇಳಿಯಬೇಕು. ಅವರ ಕಾಲುಗಳನ್ನು ಸರಿಪಡಿಸುವ ಹೊಣೆ ದೇವರದಾದರೆ, ಮೆಟ್ಟಿಲಿನ ಪಕ್ಕದಲ್ಲಿ ಒಂದು ಇಳಿಜಾರನ್ನೂ ಹಿಡಿಕೆಯನ್ನೂ ಇಡುವ ಹೊಣೆ ನಮ್ಮದು.

ಅದೇ ಹೊಳೆಯ ಕೆಳಗಿನ ಊರಿನ ಚೌಡಯ್ಯನವರು ಯಾವ ಕಾಯಿದೆಯ ಗಡುವನ್ನೂ ಕಾಯಲಿಲ್ಲ. ಕೇಳಿಸದವನನ್ನು ಎಬ್ಬಿಸಿ ಮುಂದಕ್ಕೆ ಕರೆಯದೆ, ಅವನು ಕುಳಿತಲ್ಲಿಗೇ ನಾದವನ್ನು ಕಳುಹಿದರು. ಸಭೆ ಎಂಬ ಮಾತಿಗೆ ಅರ್ಥ ಬರುವುದು ಕಟ್ಟಕಡೆಯ ಸಾಲಿನವನೂ ಅದರೊಳಗಾದಾಗಲೇ.