ಪ್ರೊ. ಪ್ರಶಾಂತ ಚಂದ್ರ ಮಹಲನೋಬಿಸ್ (1893–1972)

ವಾಣಿಜ್ಯ ಪದವಿ ತರಗತಿಗಳಲ್ಲಿ ಇಂದು ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ, ಸಹಸಂಬಂಧ ಹಾಗೂ ಮಾದರಿ ಆಯ್ಕೆಯ ಪಾಠಗಳು ಸಾಮಾನ್ಯ. ಆದರೆ 1941ರವರೆಗೆ ಭಾರತದ ಯಾವ ವಿಶ್ವವಿದ್ಯಾಲಯದಲ್ಲಿಯೂ ಸಂಖ್ಯಾಶಾಸ್ತ್ರದಲ್ಲಿ ಪ್ರತ್ಯೇಕ ಸ್ನಾತಕೋತ್ತರ ವ್ಯಾಸಂಗವಿರಲಿಲ್ಲ. ಅದನ್ನು ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಆರಂಭಿಸಲು ಕಾರಣಕರ್ತರಾದ ಪ್ರೊ. ಮಹಲನೋಬಿಸ್ ಅವರು ವೃತ್ತಿಯಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದು, ಸಂಖ್ಯಾಶಾಸ್ತ್ರದಲ್ಲಿ ಯಾವ ಪದವಿಯನ್ನೂ ಪಡೆದವರಲ್ಲ.

ಇವರು 1893ರ ಜೂನ್ 29ರಂದು ಕಲ್ಕತ್ತೆಯಲ್ಲಿ ಜನಿಸಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ವ್ಯಾಸಂಗ ಪೂರೈಸಿ 1915ರಲ್ಲಿ ಸ್ವದೇಶಕ್ಕೆ ಹೊರಟಾಗ ಮಹಾಯುದ್ಧದ ಕಾರಣ ಹಡಗು ತಡವಾಯಿತು. ಆ ಬಿಡುವಿನಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಅಧ್ಯಾಪಕರೊಬ್ಬರು ‘ಬಯೊಮೆಟ್ರಿಕಾ’ ಎಂಬ ನಿಯತಕಾಲಿಕದ ಸಂಪುಟಗಳತ್ತ ಇವರ ಗಮನ ಸೆಳೆದರು. ಸಂಪುಟಗಳನ್ನು ಕೊಂಡು ತಂದ ಮಹಲನೋಬಿಸ್ ಅವುಗಳನ್ನು ತಾವೇ ಓದಿ ವಿಷಯವನ್ನು ಕಲಿತರು. ತರಗತಿಯಾಗಲೀ ಪರೀಕ್ಷೆಯಾಗಲೀ ಇಲ್ಲದ ಕಲಿಕೆ ಅದು.

ಮೊದಲ ಅಭ್ಯಾಸಕ್ಕೆ ಒದಗಿದ್ದು ವಿಶ್ವವಿದ್ಯಾಲಯದ್ದೇ ಅಂಕಪಟ್ಟಿ. ಕಲ್ಕತ್ತಾ ವಿಶ್ವವಿದ್ಯಾಲಯದ ಪರೀಕ್ಷಾ ಫಲಿತಾಂಶಗಳನ್ನು ವಿಶ್ಲೇಷಿಸುವಂತೆ ಇವರಿಗೆ ಸೂಚಿಸಿದವರು ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್. ಇವರೇ ಮುಂದೆ 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು.

1926ರಲ್ಲಿ ಒರಿಸ್ಸಾದ ಬ್ರಾಹ್ಮಣಿ ನದಿಯಲ್ಲಿ ಭಾರೀ ಪ್ರವಾಹ ಬಂದಿತು. ನದಿಪಾತ್ರ ಮೇಲೆದ್ದಿರುವುದೇ ಕಾರಣವೆಂದೂ, ಒಡ್ಡುಗಳನ್ನು ಎತ್ತರಿಸಬೇಕೆಂದೂ ತಜ್ಞ ಎಂಜಿನಿಯರುಗಳು ಅಭಿಪ್ರಾಯಪಟ್ಟಿದ್ದರು. ಹಲವು ದಶಕಗಳ ಮಳೆ ಹಾಗೂ ನೀರಿನ ಮಟ್ಟದ ದಾಖಲೆಗಳನ್ನು ಪರಿಶೀಲಿಸಿದ ಮಹಲನೋಬಿಸ್, ಪಾತ್ರ ಏರಿರುವುದಕ್ಕೆ ಆಧಾರವಿಲ್ಲವೆಂದು ತೋರಿಸಿದರು. ಮೇಲ್ಭಾಗದ ಜಲಾನಯನ ಪ್ರದೇಶದ ಅತಿವೃಷ್ಟಿಯೇ ಪ್ರವಾಹಕ್ಕೆ ಕಾರಣವಾಗಿತ್ತು. ಆದ್ದರಿಂದ ಪರಿಹಾರವನ್ನೂ ಅಲ್ಲಿಯೇ, ಅಣೆಕಟ್ಟುಗಳ ರೂಪದಲ್ಲಿ, ಹುಡುಕಬೇಕೆಂಬುದು ಇವರ ನಿಲುವಾಗಿತ್ತು.

1931ರ ಡಿಸೆಂಬರಿನಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಪ್ರಯೋಗಾಲಯದಲ್ಲಿಯೇ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ರೂಪುಗೊಂಡಿತು. ಅದರ ಮೊದಲ ವರ್ಷದ ಒಟ್ಟು ವೆಚ್ಚ 250 ರೂಪಾಯಿಗೂ ಕಡಿಮೆ. 1933ರಿಂದ ‘ಸಂಖ್ಯಾ’ ಎಂಬ ಸಂಶೋಧನಾ ಪತ್ರಿಕೆ ಪ್ರಕಟವಾಗತೊಡಗಿತು.

ರೈತರಿಗೆ ನೇರವಾಗಿ ಸಂಬಂಧಿಸಿದ ಕಾರ್ಯವೆಂದರೆ ಬೆಳೆ ಅಂದಾಜು. ಬಂಗಾಳದಲ್ಲಿ ಸೆಣಬಿನ ವಿಸ್ತೀರ್ಣವನ್ನು ಪ್ರತಿ ತಾಕಿಗೂ ಹೋಗಿ ಎಣಿಸುವುದಕ್ಕೆ ಬದಲಾಗಿ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ ತಾಕುಗಳನ್ನಷ್ಟೇ ಪರಿಶೀಲಿಸುವ ವಿಧಾನವನ್ನು ಇವರು 1937ರಿಂದ ಹಂತಹಂತವಾಗಿ ಪ್ರಯೋಗಿಸಿದರು. ಕೆಲವನ್ನು ನೋಡಿ ಎಲ್ಲದರ ಬಗ್ಗೆ ಹೇಳುವುದು ಹೇಗೆಂಬ ಆಕ್ಷೇಪಣೆ ಬಂದಿತು. ಮಹಲನೋಬಿಸ್ ಅವರ ಉತ್ತರ ಸರಳವಾಗಿತ್ತು: ಸಾವಿರಾರು ಎಣಿಕೆದಾರರು ಆತುರದಲ್ಲಿ ಮಾಡುವ ತಪ್ಪು, ತರಬೇತಿ ಪಡೆದ ಕೆಲವೇ ಜನರು ಮಾದರಿಯಲ್ಲಿ ಮಾಡುವ ತಪ್ಪಿಗಿಂತ ದೊಡ್ಡದಾಗಬಹುದು. ಎಣಿಕೆದಾರರ ತಪ್ಪನ್ನು ಅಳೆಯಲೆಂದೇ ಅವರು ಒಂದೇ ಪ್ರದೇಶದಲ್ಲಿ ಎರಡು ಸ್ವತಂತ್ರ ಉಪಮಾದರಿಗಳನ್ನು ಬೇರೆ ಬೇರೆ ತಂಡಗಳಿಗೆ ವಹಿಸುತ್ತಿದ್ದರು. ಎರಡರ ಉತ್ತರ ದೂರವಾದಲ್ಲಿ ಕ್ಷೇತ್ರಕಾರ್ಯದಲ್ಲಿ ದೋಷವಿದೆಯೆಂಬ ಸುಳಿವು ಸಿಗುತ್ತಿತ್ತು.

ಆದರೆ ಎಲ್ಲದರಲ್ಲಿಯೂ ಇವರದೇ ಮಾತು ನಿಂತಿತೆನ್ನಲಾಗದು. ಇಳುವರಿ ಅರಿಯಲು ಹೊಲದಲ್ಲಿ ಚಿಕ್ಕ ವೃತ್ತಾಕಾರದ ಜಾಗವನ್ನು ಕೊಯ್ಯುವುದು ಸಾಕೆಂದು ಇವರು ವಾದಿಸಿದರು. ತಾಕು ಚಿಕ್ಕದಾದಷ್ಟೂ ಅಂಚಿನ ಗಿಡಗಳು ಒಳಗೆ ಸೇರಿ ಇಳುವರಿ ಹೆಚ್ಚಾಗಿ ಕಾಣುವುದೆಂದು ಡಾ. ಪಿ.ವಿ. ಸುಖಾತ್ಮೆ ಅವರು ತೋರಿಸಿದರು. ದೊಡ್ಡ ತಾಕಿನ ಪದ್ಧತಿಯೇ ದೇಶದಲ್ಲಿ ನೆಲೆಯೂರಿತು. ಬೆಳೆ ವಿಮೆಯ ಪರಿಹಾರಕ್ಕೆ ಆಧಾರವಾಗುವ ಬೆಳೆ ಕಟಾವು ಪ್ರಯೋಗಗಳಲ್ಲಿ ತಾಕಿನ ಅಳತೆ ಹಾಗೂ ಗೂಟ ಹೊಡೆಯುವ ಜಾಗದ ಬಗ್ಗೆ ಕಟ್ಟುನಿಟ್ಟಿನ ನಿಯಮಗಳಿರುವುದು ಈ ಕಾರಣದಿಂದಲೇ.

1941ರ ಸ್ನಾತಕೋತ್ತರ ತರಗತಿಯ ಮೊದಲ ತಂಡದಲ್ಲಿದ್ದವರು ಸಿ.ಆರ್. ರಾವ್. ಇವರು ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದವರು. ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದು ಕೆಲಸ ಹುಡುಕಿಕೊಂಡು ಕಲ್ಕತ್ತೆಗೆ ಹೋಗಿದ್ದ ಅವರು ಸಂಸ್ಥೆಗೆ ಸೇರಿ, 1943ರಲ್ಲಿ ಪ್ರಥಮ ಸ್ಥಾನದಲ್ಲಿ ಉತ್ತೀರ್ಣರಾಗಿ, ಮುಂದೆ ವಿಶ್ವವಿಖ್ಯಾತರಾದರು.

ಉದ್ಯಮಗಳಿಗೂ ಈ ಶಾಸ್ತ್ರ ತಲುಪಬೇಕೆಂಬುದು ಮಹಲನೋಬಿಸ್ ಅವರ ಆಶಯವಾಗಿತ್ತು. ಗುಣಮಟ್ಟ ನಿಯಂತ್ರಣ ನಕ್ಷೆಯನ್ನು ರೂಪಿಸಿದ ಅಮೆರಿಕದ ವಾಲ್ಟರ್ ಶೆವಾರ್ಟ್ ಅವರು ಸಂಸ್ಥೆಯ ಆಹ್ವಾನದ ಮೇರೆಗೆ 1947–48ರಲ್ಲಿ ಭಾರತಕ್ಕೆ ಬಂದರು. ಅನಂತರ ಕೈಗಾರಿಕಾ ಕೇಂದ್ರಗಳಲ್ಲಿ ಗುಣಮಟ್ಟ ನಿಯಂತ್ರಣ ಘಟಕಗಳು ಸ್ಥಾಪನೆಯಾದವು. 1950ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಒಂದು ಘಟಕ ಆರಂಭವಾಯಿತು.

1949ರಲ್ಲಿ ಕೇಂದ್ರ ಸಚಿವ ಸಂಪುಟದ ಗೌರವ ಸಂಖ್ಯಾಶಾಸ್ತ್ರ ಸಲಹೆಗಾರರಾದ ಇವರು, 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಸ್ಥಾಪನೆಗೆ ಕಾರಣರಾದರು. ಎರಡನೆಯ ಪಂಚವಾರ್ಷಿಕ ಯೋಜನೆ (1956–61) ಇವರ ಮಾದರಿಯನ್ನು ಆಧರಿಸಿತ್ತು. ಭಾರೀ ಕೈಗಾರಿಕೆಗೆ ಒತ್ತು ನೀಡಿ ಕೃಷಿಯನ್ನು ಹಿಂದಕ್ಕೆ ತಳ್ಳಿತೆಂಬ ಟೀಕೆಗೂ ಆ ಯೋಜನೆ ಗುರಿಯಾಯಿತು.

1959ರ ಅಧಿನಿಯಮದನ್ವಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಪದವಿ ನೀಡುವ ಅಧಿಕಾರ ದೊರೆತು, 1960ರಿಂದ ಅಲ್ಲಿಯೇ ಪದವಿ ಹಾಗೂ ಸ್ನಾತಕೋತ್ತರ ತರಗತಿಗಳು ಆರಂಭವಾದವು. 1968ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಪಡೆದ ಪ್ರೊ. ಮಹಲನೋಬಿಸ್ ಅವರು 1972ರ ಜೂನ್ 28ರಂದು, ತಮ್ಮ ಎಪ್ಪತ್ತೊಂಬತ್ತನೆಯ ಹುಟ್ಟುಹಬ್ಬದ ಹಿಂದಿನ ದಿನ, ನಿಧನರಾದರು. 2007ರಿಂದ ಜೂನ್ 29ನ್ನು ರಾಷ್ಟ್ರೀಯ ಸಾಂಖ್ಯಿಕ ದಿನವನ್ನಾಗಿ ಆಚರಿಸಲಾಗುತ್ತಿದೆ.