ಪಕ್ಕದೂರಿಗೆ ಹೋಗಿ ಬರಲು ಹೆಲ್ಮೆಟ್ ಯಾಕೆ? ಲೆಕ್ಕ ಹಾಕಿ ಉತ್ತರ ಕೊಟ್ಟ ಡಾಕ್ಟರ್ ಹ್ಯೂ ಕೇರ್ನ್ಸ್

ಹುಣಸೂರಿನಿಂದ ಕೆ.ಆರ್. ನಗರಕ್ಕೆ, ಪಿರಿಯಾಪಟ್ಟಣದಿಂದ ಬೈಲಕುಪ್ಪೆಗೆ, ಎಚ್.ಡಿ. ಕೋಟೆಯಿಂದ ಸರಗೂರಿಗೆ ಬೈಕ್ ಹತ್ತುವಾಗ ಹೆಲ್ಮೆಟ್ ಎಲ್ಲಿರುತ್ತದೆ? ಬಹಳ ಮನೆಗಳಲ್ಲಿ ಗೋಡೆಯ ಮೊಳೆಗೆ ನೇತಾಡುತ್ತಿರುತ್ತದೆ. ಇಲ್ಲೇ ಹೋಗಿ ಬರೋದು, ಅದೆಲ್ಲ ಯಾಕೆ ಅನ್ನುತ್ತೇವೆ. ಮೈಸೂರಿಗೆ ಹೊರಟ ದಿನ ಮಾತ್ರ ಪೊಲೀಸರ ದಂಡ ನೆನಪಾಗಿ ಅದು ತಲೆ ಮೇಲೆ ಬರುತ್ತದೆ.

ಹೆಲ್ಮೆಟ್ ಎಂದರೆ ದಂಡ ತಪ್ಪಿಸಿಕೊಳ್ಳುವ ಸಾಧನ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಸಾಮಾನ್ಯ ಸವಾರನಿಗೂ ಹೆಲ್ಮೆಟ್ ಬೇಕು ಎಂದು ಅಂಕಿಅಂಶ ಇಟ್ಟು ವಾದಿಸಿದ್ದು ಪೊಲೀಸರಲ್ಲ, ಒಬ್ಬ ಮೆದುಳು ಶಸ್ತ್ರಚಿಕಿತ್ಸಕ. ಅವರ ಹೆಸರು ಹ್ಯೂ ಕೇರ್ನ್ಸ್. ಅವರ ಕಣ್ಣೆದುರು ಸತ್ತ ಒಬ್ಬ ಜಗತ್ಪ್ರಸಿದ್ಧ ಸವಾರ ಕೂಡ ದೂರದ ಪ್ರಯಾಣ ಹೊರಟವನಲ್ಲ. ಮನೆ ಪಕ್ಕದ ಪೋಸ್ಟ್ ಆಫೀಸಿಗೆ ಹೋಗಿ ಬರುತ್ತಿದ್ದವನು.

ಯಾರು ಈ ಕೇರ್ನ್ಸ್?

ಹ್ಯೂ ಕೇರ್ನ್ಸ್ ಹುಟ್ಟಿದ್ದು 1896ರ ಜೂನ್ 26ರಂದು, ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಪಿರಿ ಎಂಬ ಊರಿನಲ್ಲಿ. ತಂದೆ ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದವರು, ಮರಗೆಲಸ ಮಾಡುತ್ತಿದ್ದರು. ಹುಡುಗ ಚಿಕ್ಕ ಊರಿನಲ್ಲಿ ಬೆಳೆದು, ಓದಿನಲ್ಲಿ ಮುಂದೆ ಬಂದು, ಅಡಿಲೇಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಸೇರಿದ. ಮೊದಲ ಮಹಾಯುದ್ಧ ಶುರುವಾದಾಗ ಓದನ್ನು ಅರ್ಧಕ್ಕೆ ನಿಲ್ಲಿಸಿ ಸೇನಾ ಆಸ್ಪತ್ರೆಯಲ್ಲಿ ಸಾಮಾನ್ಯ ಸಿಪಾಯಿಯಾಗಿ ದುಡಿದ. ವಾಪಸ್ ಬಂದು 1917ರಲ್ಲಿ ಪದವಿ ಮುಗಿಸಿ, ಈ ಬಾರಿ ಡಾಕ್ಟರಾಗಿ ಫ್ರಾನ್ಸಿನ ಯುದ್ಧಭೂಮಿಗೆ ಹೋದ.

ಯುದ್ಧ ಮುಗಿದ ಮೇಲೆ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ಸೇರಿದರು. ಅಲ್ಲಿಂದ ಲಂಡನ್ ಆಸ್ಪತ್ರೆ. 1926ರಲ್ಲಿ ಅಮೆರಿಕದ ಬಾಸ್ಟನ್‌ಗೆ ಹೋಗಿ ಹಾರ್ವಿ ಕುಶಿಂಗ್ ಬಳಿ ತರಬೇತಿ ಪಡೆದರು. ಮೆದುಳಿನ ಆಪರೇಷನ್ ಎಂದರೆ ಸಾವು ಎಂದೇ ಜನ ಹೆದರುತ್ತಿದ್ದ ಕಾಲದಲ್ಲಿ, ಅದನ್ನು ನಂಬಬಹುದಾದ ಚಿಕಿತ್ಸೆಯಾಗಿ ಬೆಳೆಸಿದವರು ಕುಶಿಂಗ್. ಆ ವಿದ್ಯೆಯನ್ನು ಕಲಿತು ಲಂಡನ್‌ಗೆ ಮರಳಿದ ಕೇರ್ನ್ಸ್, ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಪ್ರಮುಖ ಮೆದುಳು ಶಸ್ತ್ರಚಿಕಿತ್ಸಕರಲ್ಲಿ ಒಬ್ಬರಾದರು.

1935ರ ಆ ಅಪಘಾತ

ಟಿ. ಇ. ಲಾರೆನ್ಸ್ ಹೆಸರು ನೀವು ಕೇಳಿರಬಹುದು. ಲಾರೆನ್ಸ್ ಆಫ್ ಅರೇಬಿಯಾ ಎಂಬ 1962ರ ಪ್ರಸಿದ್ಧ ಸಿನಿಮಾ ಇವರದೇ ಕಥೆ. ಮೊದಲ ಮಹಾಯುದ್ಧದಲ್ಲಿ ಅರಬ್ ದಂಗೆಯ ಜೊತೆ ನಿಂತು ಹೆಸರು ಮಾಡಿದ ಬ್ರಿಟಿಷ್ ಅಧಿಕಾರಿ. ಅವರಿಗೆ ಬೈಕ್ ಎಂದರೆ ಪ್ರಾಣ. ಓಡಿಸುತ್ತಿದ್ದುದು ಬ್ರಫ್ ಸುಪೀರಿಯರ್, ಆ ಕಾಲದ ಅತಿ ದುಬಾರಿ, ಅತಿ ವೇಗದ ಬೈಕ್‌ಗಳಲ್ಲಿ ಒಂದು.

ವಾಯುಪಡೆಯಿಂದ ನಿವೃತ್ತರಾಗಿ ಕೆಲವೇ ವಾರಗಳಾಗಿದ್ದವು. 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್ ಎಂಬ ಹಳ್ಳಿಗಾಡಿನಲ್ಲಿದ್ದ ತಮ್ಮ ಪುಟ್ಟ ಮನೆಯಿಂದ ಹೊರಟು, ಒಂದೆರಡು ಕಿಲೋಮೀಟರ್ ದೂರದ ಬೋವಿಂಗ್ಟನ್‌ಗೆ ಹೋಗಿ ಟೆಲಿಗ್ರಾಂ ಕಳಿಸಿದರು. ವಾಪಸ್ ಬರುವಾಗ ರಸ್ತೆಯ ತಗ್ಗಿನಲ್ಲಿ ಇಬ್ಬರು ಹುಡುಗರು ಸೈಕಲ್ ಮೇಲೆ ಹೋಗುತ್ತಿದ್ದರು. ಅವರನ್ನು ತಪ್ಪಿಸಲು ಹೋಗಿ ಬೈಕ್ ಹತೋಟಿ ತಪ್ಪಿತು. ಲಾರೆನ್ಸ್ ಮುಂದಕ್ಕೆ ಎಸೆಯಲ್ಪಟ್ಟರು. ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ.

ಅವರನ್ನು ನೋಡಲು ಕರೆಸಿದ ತಜ್ಞರಲ್ಲಿ ಕೇರ್ನ್ಸ್ ಒಬ್ಬರು. ಆದರೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಲಾರೆನ್ಸ್‌ಗೆ ಪ್ರಜ್ಞೆ ಮರಳಲೇ ಇಲ್ಲ. ಆರು ದಿನಗಳ ನಂತರ, ಮೇ 19ರಂದು, 46ನೇ ವಯಸ್ಸಿನಲ್ಲಿ ತೀರಿಕೊಂಡರು. ಈ ಸಾವು ಕೇರ್ನ್ಸ್ ಅವರನ್ನು ಬಹಳ ಕಾಡಿತು ಎಂದು ವೈದ್ಯಕೀಯ ಇತಿಹಾಸ ಬರೆದವರು ಹೇಳುತ್ತಾರೆ. ದೇಶದ ದೊಡ್ಡ ಡಾಕ್ಟರುಗಳು ಹಾಸಿಗೆಯ ಪಕ್ಕ ನಿಂತಿದ್ದರೂ ಏಟು ಬಿದ್ದ ಮೆದುಳನ್ನು ಮೊದಲಿನಂತೆ ಮಾಡಲು ಆಗಲಿಲ್ಲ. ಹಾಗಾದರೆ ಏಟೇ ಬೀಳದಂತೆ ತಡೆಯುವುದು ಹೇಗೆ?

ಕತ್ತಲ ರಸ್ತೆ, ಏರಿದ ಸಾವು

1937ರಲ್ಲಿ ಕೇರ್ನ್ಸ್ ಆಕ್ಸ್‌ಫರ್ಡಿನಲ್ಲಿ ಶಸ್ತ್ರಚಿಕಿತ್ಸೆಯ ಮೊದಲ ನಫೀಲ್ಡ್ ಪ್ರೊಫೆಸರ್ ಆದರು. ಆ ಹುದ್ದೆಗೆ ಹಣ ಕೊಟ್ಟ ಲಾರ್ಡ್ ನಫೀಲ್ಡ್ ಮೋರಿಸ್ ಕಾರು ಕಂಪನಿಯ ಸ್ಥಾಪಕ. ನಮ್ಮ ಹಳೆಯ ಅಂಬಾಸಿಡರ್ ಕಾರು ಬಂದಿದ್ದು ಇದೇ ಮೋರಿಸ್ ಆಕ್ಸ್‌ಫರ್ಡ್ ಮಾದರಿಯಿಂದ.

1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಶತ್ರು ವಿಮಾನಗಳಿಗೆ ಊರು ಕಾಣಬಾರದೆಂದು ರಾತ್ರಿ ಬೀದಿದೀಪ ಆರಿಸಿ, ವಾಹನಗಳ ಲೈಟನ್ನೂ ಮುಚ್ಚುತ್ತಿದ್ದರು. ಆ ಕತ್ತಲಲ್ಲೇ ಸೇನೆಯ ಸಂದೇಶ ಒಯ್ಯುವ ಸವಾರರು ಬೈಕ್ ಓಡಿಸಬೇಕಿತ್ತು. ನಮ್ಮ ಕಡೆ ರಾತ್ರಿ ಹಿಂದಿನ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್ ದಿಢೀರನೆ ಎದುರಾದಾಗ ಎದೆ ಝಲ್ಲೆನ್ನುವುದನ್ನು ನೆನೆದರೆ ಅವರ ಸ್ಥಿತಿ ಅರ್ಥವಾದೀತು.

ತಲೆಗೆ ಏಟು ಬಿದ್ದ ಸೈನಿಕರಿಗಾಗಿ ಕೇರ್ನ್ಸ್ ಆಕ್ಸ್‌ಫರ್ಡಿನ ಸೇಂಟ್ ಹ್ಯೂಸ್ ಕಾಲೇಜಿನಲ್ಲಿ ವಿಶೇಷ ಆಸ್ಪತ್ರೆ ತೆರೆದರು. ಅಲ್ಲಿ ಅವರು ಆಪರೇಷನ್ ಮಾಡಿ ಸುಮ್ಮನಾಗಲಿಲ್ಲ, ಅಪಘಾತಗಳ ಲೆಕ್ಕ ಬರೆದಿಟ್ಟರು. 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಆ ಲೆಕ್ಕ ಪ್ರಕಟವಾಯಿತು. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2,279 ಬೈಕ್ ಸವಾರರು ಮತ್ತು ಹಿಂಬದಿ ಸವಾರರು ಸತ್ತಿದ್ದರು. ಸಾವಿಗೆ ಮುಖ್ಯ ಕಾರಣ ತಲೆಯ ಗಾಯ. ಹೆಲ್ಮೆಟ್ ಹಾಕಿಯೂ ಗಾಯಗೊಂಡವರು ಕೇರ್ನ್ಸ್‌ಗೆ ಸಿಕ್ಕಿದ್ದು ಏಳೇ ಮಂದಿ. ಆ ಏಳೂ ಜನ ಬದುಕಿದ್ದರು.

ಏಳು ಜನರ ಲೆಕ್ಕ ಸಾಲದು, ಅದು ಅದೃಷ್ಟವೂ ಇರಬಹುದಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೇ ಕೇರ್ನ್ಸ್ ಅಲ್ಲಿಗೆ ನಿಲ್ಲಿಸಲಿಲ್ಲ. 1941ರ ನವೆಂಬರ್‌ನಲ್ಲಿ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಕರ್ತವ್ಯದ ವೇಳೆ ಹೆಲ್ಮೆಟ್ ಕಡ್ಡಾಯ ಮಾಡಿತು. ಕೇರ್ನ್ಸ್ 1939ರಿಂದ 1945ರವರೆಗೆ ತಿಂಗಳು ತಿಂಗಳ ಸಾವಿನ ಸಂಖ್ಯೆಯನ್ನು ಜೋಡಿಸಿ 1946ರಲ್ಲಿ ಮತ್ತೊಂದು ಲೇಖನ ಬರೆದರು. ಕಡ್ಡಾಯವಾದ ನಂತರ ಸಾವು ಇಳಿದಿದ್ದು ಎದ್ದು ಕಾಣುತ್ತಿತ್ತು.

ಈ ನಡುವೆ ಹಾಲ್ಬರ್ನ್ ಎಂಬ ಭೌತವಿಜ್ಞಾನಿ ಕೇರ್ನ್ಸ್ ಜೊತೆ ಸೇರಿ, ಮೆದುಳಿನ ಬದಲು ಜೆಲಾಟಿನ್ ಮುದ್ದೆ ಬಳಸಿ ಪ್ರಯೋಗ ಮಾಡಿದರು. ಬುರುಡೆ ಒಡೆಯದಿದ್ದರೂ ತಲೆ ರಭಸವಾಗಿ ತಿರುಗಿದರೆ ಸಾಕು, ಒಳಗಿನ ಮೆತ್ತನೆಯ ಮೆದುಳು ಘಾಸಿಗೊಳ್ಳುತ್ತದೆ ಎಂಬುದು ಅದರಿಂದ ಸ್ಪಷ್ಟವಾಯಿತು. ಹೊರಗೆ ಗಾಯವೇ ಇಲ್ಲ, ಆದರೂ ಪ್ರಜ್ಞೆ ಇಲ್ಲ ಎಂಬಂಥ ಅಪಘಾತಗಳ ಗುಟ್ಟು ಇದೇ.

ಹೆಲ್ಮೆಟ್ ಕಂಡುಹಿಡಿದದ್ದು ಇವರೇನಾ?

ಅಲ್ಲ. ಇಂಥ ಫಾರ್ವರ್ಡ್ ಬಂದರೆ ತಿದ್ದಿ ಹೇಳಿ. ರೇಸ್ ಸವಾರರು ಅದಕ್ಕೂ ಮೊದಲೇ ಹೆಲ್ಮೆಟ್ ಹಾಕುತ್ತಿದ್ದರು. ರೇಸಿನವರಿಗೆ ಮಾತ್ರ ಎಂದುಕೊಂಡಿದ್ದ ವಸ್ತು ದಿನನಿತ್ಯದ ಸವಾರನಿಗೂ ಬೇಕು ಎಂದು ತೋರಿಸಿದ್ದು ಕೇರ್ನ್ಸ್ ಸಾಧನೆ.

ಕೇರ್ನ್ಸ್ ಇನ್ನೂ ಬಹಳ ಕೆಲಸ ಮಾಡಿದರು. ಯುದ್ಧಭೂಮಿಯ ಹತ್ತಿರಕ್ಕೇ ಹೋಗುವ ಮೆದುಳು ಆಪರೇಷನ್ ಘಟಕಗಳನ್ನು ಕಟ್ಟಿದರು. 1943ರಲ್ಲಿ ಹೋವರ್ಡ್ ಫ್ಲೋರಿ ಜೊತೆ ಉತ್ತರ ಆಫ್ರಿಕಾದಲ್ಲಿ ಗಾಯಾಳು ಸೈನಿಕರ ಮೇಲೆ ಪೆನ್ಸಿಲಿನ್ ಪರೀಕ್ಷಿಸಿದರು. 1946ರಲ್ಲಿ ಸರ್ ಪದವಿ ಬಂತು. 1952ರ ಜುಲೈ 18ರಂದು ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 56 ವರ್ಷ. ಬ್ರಿಟನ್ನಿನಲ್ಲಿ ಎಲ್ಲ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದ್ದು 1973ರಲ್ಲಿ, ಮೊದಲ ಲೇಖನ ಬಂದು 32 ವರ್ಷಗಳ ನಂತರ. ಅದನ್ನು ನೋಡಲು ಅವರು ಇರಲಿಲ್ಲ.

ನಮ್ಮಲ್ಲಿಗೆ ಬಂದಾಗ

ಬೈಕ್ ನಮ್ಮ ಜಿಲ್ಲೆಗೆ ಹೊಸದಲ್ಲ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. 1996ರಲ್ಲಿ ಮುಚ್ಚುವವರೆಗೆ ಜಾವಾ, ಯೆಜ್ಡಿ ಬೈಕುಗಳು ಅಲ್ಲಿಂದ ದೇಶವೆಲ್ಲ ಹೋದವು. ಇವತ್ತಿಗೂ ಆ ಸದ್ದು ಕೇಳಿದರೆ ತಿರುಗಿ ನೋಡುವವರಿದ್ದಾರೆ. ಬೈಕಿನ ಹೆಮ್ಮೆ ಅಷ್ಟು ಹಳೆಯದು, ಹೆಲ್ಮೆಟ್ಟಿನ ಅಭ್ಯಾಸ ಮಾತ್ರ ಇನ್ನೂ ಬರಬೇಕಿದೆ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್‌ನಲ್ಲಿ ಹೆಲ್ಮೆಟ್ ನಿಯಮವಿದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ 2016ರ ಜನವರಿಯಲ್ಲಿ ಕಡ್ಡಾಯವಾಯಿತು. 2019ರ ತಿದ್ದುಪಡಿಯ ಪ್ರಕಾರ ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಬೇಕು.

ನಂಬಿಕೆ ಮತ್ತು ನಿಜ

ನಂಬಿಕೆ: ನಿಧಾನವಾಗಿ, ಹತ್ತಿರಕ್ಕೆ ಹೋಗುವವರಿಗೆ ಬೇಡ.
ನಿಜ: ನಿಂತ ಜಾಗದಿಂದಲೇ ಬಿದ್ದು ತಲೆ ಕಲ್ಲಿಗೆ ಬಡಿದರೂ ಸಾವು ಬರಬಹುದು. ಎದುರಿಗೆ ನಾಯಿ, ದನ, ನಾಗರಹೊಳೆ ಕಡೆಯಾದರೆ ಜಿಂಕೆ, ಹಂದಿ ಅಡ್ಡ ಬರುವುದು ಊರು ಎಷ್ಟು ದೂರ ಎಂದು ನೋಡಿಕೊಂಡಲ್ಲ.

ನಂಬಿಕೆ: ಹೆಲ್ಮೆಟ್ ಹಾಕಿದರೆ ಕೂದಲು ಉದುರುತ್ತದೆ.
ನಿಜ: ಗಂಡಸರ ಬೋಳುತಲೆಗೆ ಮುಖ್ಯ ಕಾರಣ ವಂಶವಾಹಿ ಮತ್ತು ಹಾರ್ಮೋನು. ಬೆವರು ಹಿಡಿದ ಕೊಳಕು ಒಳಪದರದಿಂದ ತಲೆಯಲ್ಲಿ ಕಡಿತ, ಹೊಟ್ಟು ಬರಬಹುದು. ಒಳಗೆ ತೆಳುವಾದ ಹತ್ತಿ ಬಟ್ಟೆ ಕಟ್ಟಿಕೊಳ್ಳಿ, ಹೆಲ್ಮೆಟ್ ಒಳಭಾಗವನ್ನು ಆಗಾಗ ಒಗೆದು ಒಣಗಿಸಿ.

ನಂಬಿಕೆ: ಹೆಲ್ಮೆಟ್ ಭಾರಕ್ಕೆ ಕುತ್ತಿಗೆ ಮುರಿಯುತ್ತದೆ.
ನಿಜ: ಇದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. 2008ರಲ್ಲಿ ಕೊಕ್ರೇನ್ ಸಂಸ್ಥೆ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಅಪಘಾತವಾದಾಗ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು 42%, ತಲೆಗೆ ಗಾಯವಾಗುವ ಅಪಾಯವನ್ನು ಸುಮಾರು 69% ಇಳಿಸುತ್ತದೆ ಎಂದು ಕಂಡುಬಂತು. ಕೇರ್ನ್ಸ್ ಏಳು ಜನರಿಂದ ಶುರುಮಾಡಿದ ಲೆಕ್ಕ ಇಲ್ಲಿಗೆ ಬಂದು ಗಟ್ಟಿಯಾಯಿತು.

ನಂಬಿಕೆ: ಯಾವ ಹೆಲ್ಮೆಟ್ ಆದರೂ ನಡೆಯುತ್ತದೆ.
ನಿಜ: ಕೆಲಸ ಮಾಡುವುದು ಹೊರಚಿಪ್ಪು ಮಾತ್ರ ಅಲ್ಲ, ಒಳಗಿನ ಥರ್ಮಾಕೋಲ್‌ನಂಥ ಪದರ. ಏಟು ಬಿದ್ದಾಗ ಅದು ತಾನು ನಜ್ಜಾಗಿ ರಭಸವನ್ನು ನುಂಗುತ್ತದೆ. ರಸ್ತೆ ಬದಿಯ ಬರೀ ಪ್ಲಾಸ್ಟಿಕ್ ಟೋಪಿಯಲ್ಲಿ ಆ ಪದರವೇ ಇರುವುದಿಲ್ಲ.

ಕೊಳ್ಳುವಾಗ, ಹಾಕುವಾಗ

• ಐಎಸ್‌ಐ ಗುರುತು ಮತ್ತು ಐಎಸ್ 4151 ಸಂಖ್ಯೆ ನೋಡಿ. 2021ರ ಜೂನ್‌ನಿಂದ ಇದಿಲ್ಲದ ಹೆಲ್ಮೆಟ್ ಮಾರುವಂತಿಲ್ಲ.
• ಹಾಕಿಕೊಂಡು ತಲೆ ಅಲ್ಲಾಡಿಸಿ. ಹೆಲ್ಮೆಟ್ ಬೇರೆ, ತಲೆ ಬೇರೆ ಆಡಿದರೆ ಅದು ನಿಮ್ಮ ಅಳತೆಯದಲ್ಲ.
• ಗಲ್ಲದ ಪಟ್ಟಿ ಬಿಗಿಯಿರಿ. ಪಟ್ಟಿ ಹಾಕದಿದ್ದರೆ ಬೀಳುವಾಗ ಹೆಲ್ಮೆಟ್ ಮೊದಲು ಹಾರಿಹೋಗುತ್ತದೆ.
• ಮುಖ ಪೂರ್ತಿ ಮುಚ್ಚುವಂಥದ್ದಾದರೆ ದವಡೆಗೂ ರಕ್ಷಣೆ.
• ಒಮ್ಮೆ ಜೋರಾಗಿ ಏಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ಒಳಪದರ ಎರಡನೇ ಸಲ ಕೆಲಸ ಮಾಡುವುದಿಲ್ಲ.
• ಹಿಂದೆ ಕೂರುವ ಹೆಂಡತಿ, ಅಮ್ಮ, ಮಕ್ಕಳಿಗೂ ಒಂದೊಂದು ತನ್ನಿ. ಬಿದ್ದಾಗ ರಸ್ತೆ ಎಲ್ಲರಿಗೂ ಒಂದೇ.

ಲಾರೆನ್ಸ್ ಮನೆ ತಲುಪಲು ಉಳಿದಿದ್ದುದು ಅಲ್ಪ ದೂರ. ಯುದ್ಧಭೂಮಿಯಿಂದ ಬದುಕಿ ಬಂದ ಮನುಷ್ಯ ಮನೆ ಹತ್ತಿರದ ಹಳ್ಳಿ ರಸ್ತೆಯಲ್ಲಿ ಹೋದರು. ಇವತ್ತು ಸಂಜೆ ಹಾಲು ಹಾಕಲು ಡೈರಿಗೆ ಹೊರಟಾಗಲೋ, ಸಂತೆಗೆ ಬೈಕ್ ತೆಗೆದಾಗಲೋ ಮೊಳೆಯ ಮೇಲಿನ ಹೆಲ್ಮೆಟ್ಟನ್ನು ಒಮ್ಮೆ ನೋಡಿ. ಮನೆಯ ಗ್ರೂಪಿನಲ್ಲಿ ದಿನಾ ಬೈಕ್ ಓಡಿಸುವವರು ಯಾರಿದ್ದಾರೋ ಅವರಿಗೆ ಇದನ್ನು ಕಳಿಸಿ.